ಕುರಿಮರಿಯೂ ಹಾರಿತ್ತು

ಹುಡುಗಿಯೊಬ್ಬಳು ಮಾಯದ ಕಂಬಳಿಯ ಮೇಲೆ ಕುಳಿತು ಚಂದ್ರನ ಊರಿಗೆ ಹಾರಿಹೋಗುವ ಮಕ್ಕಳ ಸಿನಿಮಾವೊಂದನ್ನು ನಾನು ಚಿಕ್ಕಂದಿನಲ್ಲಿ ಸುರಪುರದ ಟೆಂಟಿನಲ್ಲಿ ನೋಡಿದ್ದೆ. ಹೋದ ವರ್ಷ ನನ್ನ ಸೊಸೆ ಅದನ್ನು ಹಾಡಿನ ನಾಟಕವಾಗಿಸಿ, ಮನೆಯವರೆಲ್ಲ ಸೇರಿ ಭೀಮರಾಯನಗುಡಿಯ ಸಭಾಂಗಣದಲ್ಲಿ ಆಡುವುದೆಂದು ತೀರ್ಮಾನಿಸಿದಳು. ಅವಳು ಶಹಾಪುರದಲ್ಲಿ ಶಿಕ್ಷಕಿ. ತೀರ್ಮಾನಿಸುವುದು ಅವಳಿಗೆ ರೂಢಿ. ನಾನಾದರೋ ಶಾಲೆಯ ಮೆಟ್ಟಿಲು ಹತ್ತದೆ, ಕಿರಾಣಿ ಪೊಟ್ಟಣದ ಕಾಗದಗಳಿಂದ ಅಕ್ಷರ ಕಲಿತವಳು. ಹಾಗೆ ಕಲಿತವರಿಗೆ, ಅರ್ಧಕ್ಕೆ ಹರಿದ ಸುದ್ದಿಯನ್ನು ನಂಬದಿರುವ ಅಭ್ಯಾಸ ತಾನಾಗಿಯೇ ಬರುತ್ತದೆ.

"ಅತ್ತಿ, ಫೋನಿನಾಗ ಪೂರಾ ನೋಡೀನ್ರಿ. ಹುಡುಗಿ ಒಬ್ಬಾಕಿನೇ ಹಾರ್ತಾಳ. ಕುರಿಮರಿ ಕೆಳಗ ಉಳೀತದ," ಎಂದಳು ಸೊಸೆ.

"ನೀ ನೋಡಿದ್ದು ಕತ್ತರಿಸಿದ್ದು. ಕುರಿಮರಿನೂ ಹಾರ್ತದ."

"ಟೆಂಟಿನಾಗ ನಿಮಗ ನಿದ್ದಿ ಹತ್ತಿರಬೇಕ್ರಿ."

"ನಿದ್ದಿ ಹತ್ತಿದ್ದು ನನಗಲ್ಲ, ಕತ್ತರಿ ಹಿಡಿದಾಂವಗ."

ಸೊಸೆ ನಮ್ಮ ಮನೆಯ ಮರಿಗೆ ಮೊದಲ ಹಾಡಿನಲ್ಲಷ್ಟೇ ಜಾಗ ಕೊಟ್ಟಳು. ಕಷ್ಟಕ್ಕೆ ಬಿದ್ದವಳು ಮೊಮ್ಮಗಳು. ಹಾರುವ ಹುಡುಗಿ ಅವಳೇ. ಚಂದ್ರನ ಹಾಡನ್ನು ಉಣ್ಣುವಾಗಲೂ ಹಾಡುತ್ತಿದ್ದಳು. ಆದರೆ ಹಗ್ಗ ಕಟ್ಟಿದ ಹಲಗೆಯ ಮೇಲೆ ಹಾಸಿದ ನಮ್ಮ ಮನೆಯ ಕಂಬಳಿ ನೆಲ ಬಿಡುವ ಮೊದಲೇ ಜಿಗಿದುಬಿಡುತ್ತಿದ್ದಳು. ನಾಟಕದ ದಿನವೂ ಏರದಿದ್ದರೆ ಆ ಹಾಡು ಅವಳ ಪಾಲಿಗಿಲ್ಲ.

"ಆಯಿ, ಮರಿ ಖರೇನ ಹಾರಿತ್ತೇನು?"

"ಹಾರಿತ್ತು."

"ಅದು ಬಂದ್ರ ಏರ್ತೀನಿ. ಒಬ್ಬಾಕಿನೇ ಒಲ್ಲೆ."

ಹಗ್ಗ ಎಳೆಯುವ ಕೆಲಸ ನನ್ನ ತಮ್ಮನದು. ಕುರಿ ಕಾಯುವವನು, ಗಂಟಲು ದೊಡ್ಡದು. ಕುರಿಗಳನ್ನು ಮನೆಗೆ ಕರೆಯಲಿ, ಮೂಟೆ ಎತ್ತಲಿ, ಮಲಗಿದವರನ್ನು ಎಬ್ಬಿಸಲಿ, ಅವನಿಗೆ ಇರುವುದು ಒಂದೇ ಕೂಗು. ಸೊಸೆ ಮೊದಲೇ ಎಚ್ಚರಿಸಿದ್ದಳು: "ಮಾಮಾ, ಪರದೆ ಹಿಂದ ಸುಮ್ಮನ ಎಳೀರಿ."

"ಖಾಲಿ ಕಂಬಳಿ ಆದ್ರ ಸುಮ್ಮನ ಎಳೀತೀನವ್ವ. ಭಾರ ಬಿದ್ರ ಕೂಗ್ಲಾರದ ನನ್ನ ಕೈ ಏಳಂಗಿಲ್ಲ."

ಆ ಸಂಜೆ ಸಭಾಂಗಣ ತುಂಬಿತ್ತು. ಮೊಮ್ಮಗಳು ಕಂಬಳಿಯ ಮೇಲೆ ಕುಳಿತಳು. ಮುಂದಿನ ಸಾಲಿನಲ್ಲಿದ್ದ ನನ್ನನ್ನು ನೋಡಿದಳು. ಒಂದು ಕಾಲನ್ನು ಕೆಳಗಿಳಿಸಿಯೂ ಬಿಟ್ಟಳು. ಪರದೆಯ ಹಿಂದಿದ್ದ ತಮ್ಮನಿಗೆ ಇದೆಲ್ಲ ಕಾಣಿಸಲಿಲ್ಲ. ಮೊದಲ ಹಾಡು ಮುಗಿಸಿ ಬಂದ ಮರಿಯನ್ನು ಹಿಡಿದುಕೊಂಡಿದ್ದವನು, ಅದನ್ನು ಬಿಟ್ಟು ಎರಡೂ ಕೈಯಲ್ಲಿ ಹಗ್ಗ ಹಿಡಿದ. ಹಗ್ಗ ಬಿಗಿಯಾಯಿತು, ಭಾರ ತಿಳಿಯಿತು, ಕೂಗಿದ.

ಸಂಜೆಯ ಹೊತ್ತು ಆ ಕೂಗು ಕೇಳಿದ ಮರಿ ಏನು ಮಾಡಬೇಕು? ಮನೆಗೆ ಓಡಬೇಕು. ಆ ಸಭಾಂಗಣದಲ್ಲಿ ಮನೆಯ ವಾಸನೆ ಇದ್ದದ್ದು ಕಂಬಳಿಯೊಂದರಲ್ಲೇ. ರಂಗದ ಮೇಲೆ ನುಗ್ಗಿ, ನೇರ ಮೊಮ್ಮಗಳ ಮಡಿಲಿಗೆ ಹಾರಿತು. ಅವಳು ಕಾಲನ್ನು ಮೇಲೆಳೆದುಕೊಂಡು ಮರಿಯನ್ನು ತಬ್ಬಿದಳು. ಕಂಬಳಿ ನೆಲ ಬಿಟ್ಟಿತು. ಆಳೆತ್ತರ ಏರಿದ ಮೇಲೆ, ನಗು ತಡೆಯಲಾಗದೆ, ಅವಳು ಹಾಡತೊಡಗಿದಳು.

ಜನ 'ಒನ್ಸ್ ಮೋರ್' ಎಂದು ಕುರ್ಚಿ ಬಡಿದರು. ನಮ್ಮ ಕಡೆ ಆ ಮಾತು ಬಂದರೆ ಸತ್ತ ರಾಜನೂ ಎದ್ದು ಮತ್ತೆ ಸಾಯಬೇಕು. ಕಂಬಳಿ ಇಳಿಯಿತು, ಮತ್ತೆ ಏರಿತು. ತಮ್ಮನ ಕೂಗಿಗೆ ಈಗ ಸಭೆಯೂ ದನಿಗೂಡಿಸಿತು. ಮೂರನೆಯ ಬಾರಿ ಕೇಳಿದವಳು ಮೊಮ್ಮಗಳೇ.

ಸೊಸೆ ನನ್ನ ಪಕ್ಕದಲ್ಲಿ ಬಂದು ಕುಸಿದು ಕುಳಿತಳು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. "ಅತ್ತಿ, ಸಿನಿಮಾದಾಗ ಮಾತ್ರ ಹಾರಿಲ್ರಿ."

"ಕತ್ತರಿಸ್ಯಾರ," ಎಂದೆ.

ಮರಿ ಮೇಲೆ ಹೋಗಿ ಹಾಡಿಗೆ ದನಿಗೂಡಿಸಿತೆಂದು ಈಗ ವಡಗೇರಾದವರೂ ಹೇಳುತ್ತಾರಂತೆ. ಅದನ್ನು ನಾನು ಒಪ್ಪುವುದಿಲ್ಲ. ನಾನು ಮುಂದಿನ ಸಾಲಿನಲ್ಲಿದ್ದೆ. ಮೇಲೆ ತೂಗುಬಿಟ್ಟಿದ್ದ ಚಂದ್ರನನ್ನು ನಾವು ಕಾಗದಕ್ಕೆ ಜೋಳದ ಹಿಟ್ಟಿನ ಅಂಟು ಬಳಿದು ಮಾಡಿದ್ದೆವು. ಮರಿಯ ಬಾಯಿಗೆ ಹಾಡಲು ಬಿಡುವಿರಲಿಲ್ಲ.