ಗುರುದೇವಿ ನೀರಿಗಿಳಿದ ಬೆಳಗು

ಗದಗದ ಕಡೆಯಿಂದ ಬಂದ ಗುರುದೇವಿ ಸುಂಕದಕಟ್ಟೆಯ ಬಾಡಿಗೆ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ವಯಸ್ಸು ಅರವತ್ತರ ಹತ್ತಿರ. ಮಾತು ಕಡಿಮೆ. ಅವಳ ಅಂಗೈಯ ಸದ್ದೇ ಬೀದಿಗೆ ಪರಿಚಯ. ಬಿಸಿ ರೊಟ್ಟಿಗಳನ್ನು ಗಂಡ ಗೂಳಪ್ಪ ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುತ್ತಾನೆ.

ಕಳೆದ ಕಾರ್ತಿಕದಲ್ಲಿ ಮನೆ ಮಾಲೀಕರ ಮಗಳು ಸೌಮ್ಯಶ್ರೀ ಹೊಸ ಕಾರು ಕೊಂಡಳು. "ಆಂಟಿ, ಒಂದಿನ ಒಲೆ ಆರ್ಸಿ. ತಾವರೆಕೆರೆ ದಾಟಿದ್ರೆ ಒಂದು ಕೆರೆ ಇದೆ, ಸಖತ್ತಾಗಿದೆ. ಅಂಕಲ್‌ನೂ ಕರ್ಕೊಂಡು ಹೋಗ್ಬರೋಣ" ಎಂದು ಹಟ ಹಿಡಿದು ಇಬ್ಬರನ್ನೂ ಹೊರಡಿಸಿದಳು.

ಅವರು ತಲುಪಿದಾಗ ನೀರಿನ ಮೇಲೆ ಮಂಜು ಇನ್ನೂ ಹರಿದಾಡುತ್ತಿತ್ತು. ಆಚೆ ದಡದ ಗುಡ್ಡ ಕೆರೆಯೊಳಗೆ ತಲೆಕೆಳಗಾಗಿ ಮಲಗಿತ್ತು. ರಾಗಿ ಹೊಲದ ಹಸಿ ವಾಸನೆ. ಒಂದು ಬೆಳ್ಳಕ್ಕಿ ಎದ್ದು ಹೋದರೆ ಅದರ ಬಿಂಬವೂ ಜೊತೆಗೇ ಎದ್ದು ಹೋಯಿತು.

"ಕಾಲ್ ತೊಳಕೊಂಡು ಬರ್ತೀನ್ರಿ" ಎಂದು ಇಳಿದ ಗುರುದೇವಿ ಮಂಡಿಯುದ್ದ ನೀರಿನಲ್ಲಿ ನಿಲ್ಲಲಿಲ್ಲ. ಸೆರಗು ಬಿಗಿದು ಸೊಂಟದವರೆಗೆ ಹೋದಳು. ಮತ್ತೆ ಮುಂದೆ.

"ಏ! ಎಲ್ಲಿಗ್ ಹೊಂಟೆ? ಹೊಳ್ಳಿ ಬಾ!" ಗೂಳಪ್ಪ ಚಪ್ಪಲಿ ಬಿಟ್ಟು ಓಡಿದ.

ಸೌಮ್ಯಶ್ರೀ ಅವನ ತೋಳು ಹಿಡಿದಳು. "ಅಂಕಲ್, ನೋಡಿ... ಈಜ್ತಾ ಇದಾರೆ."

ಗುರುದೇವಿ ಅಂಗಾತ ತೇಲುತ್ತಿದ್ದಳು. ಕಿವಿ ನೀರಿನೊಳಗಿದ್ದುದರಿಂದ ಗಂಡನ ಕೂಗು ಎಲ್ಲೋ ಬೇರೆ ಊರಿನಿಂದ ಬಂದಂತಿತ್ತು. ಇಷ್ಟು ವರ್ಷ ಒಲೆಯೆದುರು ಕೂತು ಮರಗಟ್ಟಿದ ಮೈಗೆ ಈಗ ತೂಕವೇ ಇರಲಿಲ್ಲ. ಮೇಲೆ ಮೋಡ ಸರಿಯುತ್ತಿತ್ತೋ, ತಾನೇ ಸರಿಯುತ್ತಿದ್ದಳೋ ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕೆಂದೂ ಅನ್ನಿಸಲಿಲ್ಲ.

ದಡಕ್ಕೆ ಬಂದವಳನ್ನು ಗೂಳಪ್ಪ ಹೊಸಬಳನ್ನು ಕಂಡಂತೆ ನೋಡಿದ. "ಯಾರ್ ಕಲಿಸಿದ್ರು ನಿನಗ?"

"ನಮ್ಮವ್ವ. ಮುಳುಗಬಾರ್ದಂತ ನಡಕ್ಕ ಸೋರೆಬುರುಡಿ ಕಟ್ಟಿ ತೋಟದ ಬಾವ್ಯಾಗ ಬಿಟ್ಟಿದ್ಲು."

"ಇಷ್ಟ್ ವರ್ಷ ಬಾಯೇ ಬಿಡಲಿಲ್ಲಲ್ಲ!"

"ಟ್ಯಾಂಕರ್ ನೀರಿಗೆ ಕೊಡ ಹಿಡದು ನಿಲ್ಲೋ ಓಣ್ಯಾಗ ಈಜಿನ ಮಾತು ಹೆಂಗ ತಗೀಲ್ರಿ?"

ಗೂಳಪ್ಪ ಧೋತರ ಮೇಲೆ ಕಟ್ಟಿ ತಾನೂ ಇಳಿದ. ಗುರುದೇವಿ ಅವನ ಬೆನ್ನಿನಡಿ ಕೈ ಕೊಟ್ಟಳು. "ಬಿಗಿ ಹಿಡೀಬ್ಯಾಡ್ರಿ. ಮೈ ಸಡ್ಲ ಬಿಡ್ರಿ." ಅವನ ಪಾದಗಳು ಒಂದು ಕ್ಷಣ ನೀರಿನ ಮೇಲೆ ಕಾಣಿಸಿಕೊಂಡವು.

ಈಗ ತಿಂಗಳಿಗೊಂದು ಭಾನುವಾರ ಗಿರಾಕಿಗಳಿಗೆ ರೊಟ್ಟಿ ಇಲ್ಲ. ಗಂಡಹೆಂಡಿರು ಒಣ ಬಟ್ಟೆಯ ಚೀಲ ಹಿಡಿದು ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿರುತ್ತಾರೆ.