ಒಂದೇ ಮಾತಿನ ಉತ್ತರ

ಇವತ್ತು ಬೆಳಗ್ಗೆ ನಮ್ಮ ಸೆಕ್ಷನ್ನಿನ ಮಹದೇವ ತನ್ನ ಮದುವೆಗೆ ರಜೆ ಕೇಳಿ, ಈಗ ಮ್ಯಾನೇಜರ್ ಆಗಿರುವ ನನಗೆ ಮೇಲ್ ಹಾಕಿದ್ದ. ‘ನೋಟೆಡ್’ ಅಂತ ಬರೆದು ಕಳಿಸಿದರೆ ಮುಗಿಯಿತು, ನಮ್ಮ ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಎಲ್ಲರೂ ಬರೆಯುವುದು ಅಷ್ಟೇ. ನಾನೂ ಬರೆದೆ. ಕಳಿಸುವ ಹೊತ್ತಿಗೆ ಅವ್ವ ನೆನಪಾಗಿ ಬೆರಳು ನಿಂತುಬಿಟ್ಟಿತು.

ನನ್ನ ಮದುವೆ ಗೊತ್ತಾದಾಗ ನಾನು ಕೆಲಸಕ್ಕೆ ಹೊಸಬ, ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ಹೆಣ್ಣಿನವರು ದೊಡ್ಡಮಳೂರಿನವರು. ನನ್ನ ಕೆಲಸ ನೋಡಿ ಒಪ್ಪಿದವರು; ಮುಖ ನೋಡಿ ಒಪ್ಪಿದರೆಂದು ನಾನೂ ಹೇಳಿಕೊಳ್ಳುವುದಿಲ್ಲ ಬಿಡಿ. ಸೆಕ್ಷನ್ನಿನವರಿಗೆಲ್ಲ ಪ್ರತಿ ಹಾಕಿ, ಮ್ಯಾನೇಜರ್ ಮೇಡಮ್ಮಿಗೆ ಉದ್ದುದ್ದ ಇಂಗ್ಲಿಷಿನಲ್ಲಿ ರಜೆ ಕೇಳಿ, ಎಲ್ಲರನ್ನೂ ಮದುವೆಗೆ ಕರೆದೆ. ಉತ್ತರ ಬಂತು: ‘ನೋಟೆಡ್.’ ಹಿಂದಿಲ್ಲ, ಮುಂದಿಲ್ಲ.

ಬೈರಮಂಗಲದ ನಮ್ಮ ಮನೆಯಲ್ಲಿ ಅದಕ್ಕೆ ಪಂಚಾಯ್ತಿಯೇ ಕೂತಿತು. ನಮ್ಮ ಕಡೆ ಮದುವೆಗೆ ಕರೆಯಲು ಹೋದಾಗ, ಕುಂತ್ಕಳಿ ಅನ್ನದೆ ‘ಆಯ್ತು’ ಅಂತ ಒಂದೇ ಮಾತು ಅಂದರೆ ಆ ಮನೆಯವರು ಮುನಿದಿದ್ದಾರೆ ಅಂತಲೇ ಲೆಕ್ಕ.

“ಒಂದೇ ಮಾತ್ನಾಗೆ ಮುಗ್ಸವ್ರೆ ಅಂದ್ರೆ ಒಟ್ಟೆವಳಗೆ ಏನೋ ಮಡಿಕಂಡವ್ರೆ ಕಣ್ ಮಗ,” ಅಂದಳು ಅವ್ವ. “ಕೆಲ್ಸ ಓಯ್ತು ಅಂದ್ರೆ ಎಣ್ಣಿನೋರು ಸುಮ್ಕಿರ್ತಾರಾ?”

ನನಗೂ ಹೌದೆನ್ನಿಸಿತು. ಇಂಗ್ಲಿಷ್ ಓದಿದವನು ನಾನು, ಅರ್ಥ ಹೇಳುವವಳು ಅವಳು!

ಮುನಿದವರನ್ನು ಇನ್ನೊಂದು ಸಲ ಹೋಗಿ ಕರೆಯುವುದು ಪದ್ಧತಿ. ಅವ್ವ ಹೇಳುತ್ತ ಹೋದಳು, ನಾನು ಕನ್ನಡದಲ್ಲೇ ಬರೆದೆ: ‘ಮೇಡಂನೋರೇ, ಊಟ ಆಯ್ತಾ? ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ನೀವು ಬರದಿದ್ದರೆ ನನ್ನ ಮಗನ ಚಪ್ಪರ ಬಿಕೋ ಅನ್ನುತ್ತೆ.’ ಮೇಡಮ್ಮಿಗೆ ಮಾತ್ರ ಕಳಿಸಲೋ, ಸೆಕ್ಷನ್ನಿನವರಿಗೂ ಹೋಗಲೋ ಅಂತ ಕೇಳಿದೆ ನೋಡಿ, ಅವ್ವ ರೇಗಿಬಿಟ್ಟಳು.

“ಒಂದ್ಮನೆ ಕರ್ದು ಒಂದ್ಮನೆ ಬುಟ್ರೆ ನಾಳೆ ತಲೆ ಎತ್ಕಂಡು ತಿರ್ಗಾಕಾಯ್ತದಾ? ಎಲ್ರಿಗೂ ಕಳ್ಸು!”

ಎಲ್ಲರಿಗೂ ಕಳಿಸಿದೆ.

ಮರುದಿನ ಫ್ಯಾಕ್ಟರಿಯಲ್ಲಿ ಎಲ್ಲರೂ ನನ್ನ ನೋಡಿ ಕಿಸಕ್ಕನೆ ನಗುವವರೇ. “ಏನ್ಲಾ, ನಂದೂ ಊಟ ಆಗಿಲ್ಲ ಕಣ್ಲಾ,” ಅಂದ ಪಕ್ಕದ ಮೇಜಿನವನು. ಅಷ್ಟರಲ್ಲಿ ಮೇಡಂ ಕರೆಸಿದರು. ಮುಗೀತು ನನ್ನ ಕಥೆ ಅಂದುಕೊಂಡೇ ಒಳಗೆ ಹೋದೆ.

“ನೋಟೆಡ್ ಅಂದ್ರೆ ರಜೆ ಆಯ್ತು ಅಂತಾನೇ ಕಣ್ರೀ. ಯಾರೂ ಹೇಳಿಕೊಡ್ಲಿಲ್ವಾ?” ಅಂದರು. ಆಮೇಲೆ ಕಂಪ್ಯೂಟರಿನ ಕಡೆ ನೋಡುತ್ತ, ಮೆಲ್ಲಗೆ, “ಇಷ್ಟು ವರ್ಷದಲ್ಲಿ ಮೇಲ್‌ನಲ್ಲಿ ನನ್ನ ಊಟ ವಿಚಾರಿಸಿದೋರು ನಿಮ್ಮ ತಾಯಿ ಒಬ್ರೇ,” ಅಂದರು.

ಅಬ್ಬಾ! ಹೋದ ಜೀವ ಬಂದ ಹಾಗಾಯಿತು. ಮದುವೆಗೆ ಮೇಡಮ್ಮೂ ಬಂದರು, ಹಿಂದೆಯೇ ಇಡೀ ಸೆಕ್ಷನ್ನೂ ಬಂತು. ಅವ್ವ ಮೇಡಮ್ಮಿನ ಎಲೆಯ ಮುಂದೆ ನಿಂತು, “ಒಸಿ ಆಕಸ್ಕಳಿ, ಒಸಿ” ಅಂತ ಪಾಯಸ ಸುರಿದದ್ದೇ ಸುರಿದದ್ದು. ಅವಳ ಮುಖದಲ್ಲಿ ಅಂಥ ನಿರಾಳ ನಾನು ಅದುವರೆಗೆ ಕಂಡಿರಲಿಲ್ಲ.

ಮಹದೇವನೂ ಇನ್ನೂ ಪರ್ಮನೆಂಟ್ ಆಗಿಲ್ಲ. ನಾನು ಬರೆದದ್ದನ್ನು ಅಳಿಸಿ ಮತ್ತೆ ಬರೆದೆ: ‘ರಜೆ ಕೊಟ್ಟಿದ್ದೀನಿ ಕಣಪ್ಪ. ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲ. ಇದನ್ನ ನಿಮ್ಮವ್ವನಿಗೆ ಓದಿ ಹೇಳು.’