ರಿಟರ್ನ್ ಟ್ರಿಪ್ಪಿಗೆ ಹತ್ತು

ಕಾರ್ಕಳದಿಂದ ಉಡುಪಿಗೆ ಹೋಗುವ ಬಸ್ಸಿನ ಆ ಕಂಡಕ್ಟರನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ನಾನು ಲೆಕ್ಚರರ್; ಪಿಯುಸಿ ಮುಗಿಸುವ ಮಕ್ಕಳಿಗೆ ಮುಂದೆ ಏನು ಓದಬೇಕೆಂದು ದಾರಿ ತೋರಿಸುವುದೂ ಕಾಲೇಜಿನಲ್ಲಿ ನನ್ನ ಕೆಲಸ. ಪ್ರತಿ ವರ್ಷ ಪ್ರೊಜೆಕ್ಟರ್ ಇಟ್ಟು ಎರಡು ಗಂಟೆ ಮಾತಾಡುತ್ತಿದ್ದೆ. ಮಕ್ಕಳು ಆಕಳಿಸುತ್ತಿದ್ದರು. ಅದೇ ಮಕ್ಕಳು ಶನಿವಾರ ಮಧ್ಯಾಹ್ನ ಬಸ್ಸಿನ ಬಾಗಿಲಲ್ಲಿ ಅವನನ್ನು ಮುತ್ತಿಕೊಂಡು, "ಅಣ್ಣ, ನಾನು ಲಾ ಮಾಡ್ಲಾ?" ಎಂದು ಕೇಳುತ್ತಿದ್ದರು.

ಅವನು ಕಿವಿಯ ಸಂದಿನಿಂದ ಪೆನ್ನು ತೆಗೆದು ಹೊರಗೆ ತೋರಿಸುತ್ತಿದ್ದ. "ನನಗೆಂತ ಗೊತ್ತು ಮಾರಾಯ? ಕೋರ್ಟಿನ ಹತ್ತಿರ ಇಳಿದು, ಕೂತು ನೋಡು. ರಿಟರ್ನ್ ಟ್ರಿಪ್ಪಿಗೆ ಹತ್ತು."

ಎಲ್ಲರಿಗೂ ಅದೇ ಮಾತು, ಇಳಿಯುವ ಜಾಗ ಮಾತ್ರ ಬೇರೆ. ವಾಪಸ್ ಹತ್ತಿದವರ ಮುಖವನ್ನು ಒಮ್ಮೆ ನೋಡುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ಇದೂ ಒಂದು ಮಾರ್ಗದರ್ಶನವಾ ಎಂದು ಸ್ಟಾಫ್ ರೂಮಿನಲ್ಲಿ ನಾನು ನಕ್ಕೆ. ಯಾರೂ ಜೊತೆಗೆ ನಗಲಿಲ್ಲ.

ಒಂದು ಶನಿವಾರ ನಾನೂ ಅದೇ ಬಸ್ಸಿನಲ್ಲಿದ್ದೆ. ನನ್ನ ತರಗತಿಯ ಮುಂದಿನ ಬೆಂಚಿನ ಹುಡುಗಿ ಅವನಿಗೆ, "ನನಗೆ ಲೆಕ್ಚರರ್ ಆಗ್ಬೇಕಂತ ಉಂಟು ಅಣ್ಣ" ಎಂದಳು. ಕೊನೆಗೂ ಗೆದ್ದೆ ಎಂದುಕೊಂಡು ನಾನು ನೆಟ್ಟಗೆ ಕೂತೆ.

ಅವನ ಪೆನ್ನು ನನ್ನ ಕಡೆ ತಿರುಗಿತು. "ಅದಕ್ಕೆ ಎಲ್ಲಿಯೂ ಇಳಿಯುವುದು ಬೇಡ ಮಾರಾಯ್ತಿ. ಎರಡು ವರ್ಷದಿಂದ ಈ ಸರ್ರನ್ನು ನೋಡ್ತಾ ಇದ್ದೀಯಲ್ವಾ?"

ಅವಳು ತಿರುಗಿ ನನ್ನನ್ನು ನೋಡಿದಳು. ಸಾವಕಾಶವಾಗಿ ನೋಡಿದಳು. ಬಸ್ಸು ಪರ್ಕಳ ದಾಟಿತು.

"ಮಣಿಪಾಲದಲ್ಲಿ ಆಸ್ಪತ್ರೆಯ ಹತ್ತಿರ ಇಳಿದು, ಕೂತು ನೋಡ್ತೇನೆ ಅಣ್ಣ" ಎಂದಳು.